ಪರಮಾಣುವಿನ ಜಾತಕ

ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ನಮ್ಮ ಮನೆಯಲ್ಲಿ ಮೈಸೂರು ಕಡೆಯವನು ನಾನೊಬ್ಬನೇ. ಹೆಂಡತಿಯ ತವರು ಇಂಡಿ, ಅತ್ತೆಯ ತವರು ಸಿಂದಗಿ, ಅತ್ತೆಯ ತಂಗಿಯನ್ನು ಕೊಟ್ಟದ್ದು ಮುದ್ದೇಬಿಹಾಳಕ್ಕೆ, ಭಾವಮೈದುನ ಹೆಣ್ಣು ತಂದದ್ದು ಬಸವನ ಬಾಗೇವಾಡಿಯಿಂದ. ಮದುವೆಯಾದದ್ದು ಒಬ್ಬಳನ್ನು, ನಂಟಸ್ತನ ಬೆಳೆದದ್ದು ನಾಲ್ಕು ತಾಲ್ಲೂಕಿಗೆ. ಬಹುಮತದ ಪ್ರಶ್ನೆ ಬಂದಾಗಲೆಲ್ಲ ನನ್ನ ಕನ್ನಡ ಸೋಲುತ್ತದೆ.

ಈ ಸಲ ಅತ್ತೆ ಕಟಕ ರೊಟ್ಟಿ, ಶೇಂಗಾ ಹಿಂಡಿಗಳ ನಡುವೆ ‘ಗರತಿಯ ಹಾಡು’ ಪುಸ್ತಕವನ್ನೂ ತಂದರು. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಬಳಗ, ಬೀಸುವ ಕುಟ್ಟುವ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ಹೊರತಂದ ಹಾಡುಗಳು ಅವು. ಮಗಳು ದಿನಾ ಓದಬೇಕೆಂದು ಅಪ್ಪಣೆಯಾಯಿತು. ಅದು ಹೇಗೋ ಸಾಗಿತು. ಬೆನ್ನಿಗೇ ಹಂತಿ ಪದಗಳ ಪುಸ್ತಕ ಹೊರಬಿತ್ತು ನೋಡಿ, ಅಲ್ಲಿ ಶುರುವಾಯಿತು ಪೇಚು.

ಕಣದಲ್ಲಿ ರಾಶಿ ಎಂಬಲ್ಲಿ ಮಗಳು ನಿಂತಳು. ಅವಳಿಗೆ ಕಣವೆಂದರೆ ವಿಜ್ಞಾನದ್ದು. ರಾಶಿಯೆಂದರೆ ದೇವಸ್ಥಾನದಲ್ಲಿ ಅರ್ಚನೆಗೆ ಮುಂಚೆ ಅರ್ಚಕರು ಕೇಳುವ ಪ್ರಶ್ನೆ.

“ಅಪ್ಪಾ, ಪರಮಾಣುವಿಗೂ ಜಾತಕ ಇರುತ್ತಾ?”

“ಏ ಹುಚ್ಚಿ!” ಎಂದರು ಅತ್ತೆ. “ರಾಶಿ ಅಂದ್ರ ಜ್ವಾಳದ ರಾಶಿ! ಕಣದ ನಟ್ಟನಡುವ ಮೇಟಿ ನೆಟ್ಟು, ತೆನಿ ಹರವಿ, ಸುತ್ತ ಎತ್ತು ತಿರುಗಸ್ತಾರ. ಆ ಎತ್ತಿನ ಸಾಲೇ ಹಂತಿ. ರಾತ್ರಿ ನಿದ್ದಿ ಬರಬಾರದಂತ ಹಾಡೂದು ಹಂತಿ ಪದ.”

ಹೇಳಿದರೆ ಸಾಲದೆಂದು ಮಾಡಿಯೂ ತೋರಿಸಿದರು. ಹಾಲಿನ ಉದ್ದನೆಯ ದೀಪದ ಕಂಬ ಮೇಟಿಯಾಯಿತು. ತಾನೇ ನೆಲ ಗುಡಿಸುತ್ತ ಸುತ್ತುವ ರೋಬೊ ಒಂದು ಎತ್ತು, ನಾನು ಇನ್ನೊಂದು. “ಮುದಿ ಎತ್ತು ಮೇಟಿ ಕಡೆ ಇರಲಿ, ಸುತ್ತು ಕಡಿಮಿ ಬೀಳ್ತದ” ಎಂದು ನನ್ನನ್ನು ಒಳಗಡೆ ನಿಲ್ಲಿಸಿದರು. ಅಳಿಯನೆಂಬ ಮರ್ಯಾದೆ ಅಷ್ಟಾದರೂ ಉಳಿಯಿತು.

ರಾಶಿ ಅಳೆಯುವಾಗ ‘ಒಂದು’ ಎನ್ನಬಾರದು, ‘ಲಾಭ’ ಎಂದೇ ಎಣಿಕೆ ಶುರುಮಾಡಬೇಕು ಎಂಬುದು ಮರುದಿನದ ಪಾಠ. ಮಗಳೀಗ ಕುಕ್ಕರಿಗೆ ಅಕ್ಕಿ ಹಾಕುವುದೂ “ಲಾಭ, ಎರಡು” ಎಂದೇ. ಲೆಕ್ಕಪತ್ರದ ಕೆಲಸದಲ್ಲಿರುವ ನನ್ನ ಹೆಂಡತಿ, “ನಮ್ಮ ಕಂಪನ್ಯಾಗೂ ಹಿಂಗ ಎಣಸ್ತಾರ” ಎಂದಳು.

ನಿಘಂಟು ತರಿಸೋಣವೆಂದೆ. ಕಿಟೆಲರ 1894ರ ನಿಘಂಟು ಫೋನಿನಲ್ಲೇ ಸಿಗುತ್ತದೆ. ಸಾಹಿತ್ಯ ಪರಿಷತ್ತಿನದು ಎಂಟು ಸಂಪುಟ, ವಿಮಾನದ ಪೆಟ್ಟಿಗೆಗೆ ಮಿತಿ 23 ಕಿಲೊ. ನಿಘಂಟೋ ಹಿಂಡಿಯೋ ಎಂದು ಮತ ಹಾಕಿದೆವು. ಹಿಂಡಿ ಗೆದ್ದಿತು.

ಭಾನುವಾರ ಮುದ್ದೇಬಿಹಾಳಕ್ಕೆ ವಿಡಿಯೊ ಕರೆ ಹೋಯಿತು. ಮಗಳು ಹೊಸ ವಿದ್ಯೆಯನ್ನು ಒಪ್ಪಿಸುತ್ತಿದ್ದಂತೆ ಆ ಕಡೆಯ ಹುಡುಗ ಕೇಳಿದ: “ಹಂತಿ ಅಂದ್ರ ಏನ, ಆಯಿ?”

ಜೋಳದ ಹೊಲದ ಬದುವಿನಲ್ಲೇ ಬೆಳೆದ ಹುಡುಗ! ಅವನದೇನೂ ತಪ್ಪಿಲ್ಲ. ಈಗ ಹೊಲಕ್ಕೆ ಮಷಿನ್ ಬರುತ್ತದೆ, ತಾಸೆರಡು ತಾಸಿನಲ್ಲಿ ರಾಶಿ ಮುಗಿಯುತ್ತದೆ. ಎತ್ತಿಲ್ಲ, ಮೇಟಿಯಿಲ್ಲ, ರಾತ್ರಿಯಿಡೀ ಹಾಡುವ ಗರಜೂ ಇಲ್ಲ. ಕೊನೆಗೆ ಎಡಿಸನ್ನಿನ ಹುಡುಗಿಯೇ ದೀಪದ ಕಂಬ ಸುತ್ತಿ ಮುದ್ದೇಬಿಹಾಳದ ಹುಡುಗನಿಗೆ ಹಂತಿ ಹೊಡೆದು ತೋರಿಸಿದಳು. ಅತ್ತೆ ಮೊದಲು ನಕ್ಕರು, ಆಮೇಲೆ ಸುಮ್ಮನಾದರು.

ಕನ್ನಡ ಮರೆಯಲು ಪಾಸ್‌ಪೋರ್ಟ್ ಬೇಕಿಲ್ಲ. ಕಸುಬು ಎದ್ದುಹೋದ ಮನೆಯಿಂದ ಮಾತೂ ಎದ್ದುಹೋಗುತ್ತದೆ, ಊರು ಯಾವುದಾದರೇನು? ಆದ್ದರಿಂದ ನಿಮ್ಮ ಮನೆಗೂ ಆಯಿ ಬಂದಿದ್ದರೆ, ಹಿಂಡಿಯ ಡಬ್ಬಿ ಖಾಲಿಯಾಗುವ ಮೊದಲೇ ಒಂದು ಹಳೆಯ ಪುಸ್ತಕ ಮುಂದಿಟ್ಟು ಕೂಡಿಸಿ, ಫೋನಿನಲ್ಲಿ ದನಿ ಹಿಡಿದುಕೊಳ್ಳಿ. ಎತ್ತಾಗುವ ಸರದಿ ಬಂದರೆ ನಾಚದೆ ಸುತ್ತಿ.