‘ನಾಳೆ ಬಾ’ ಸೂತ್ರಕ್ಕೊಂದು ಗುಮಾಸ್ತಭಾಷ್ಯ

ಶಾಸ್ತ್ರಗ್ರಂಥಗಳು ಮೊದಲಿಗೆ ಅಧಿಕಾರಿ ಯಾರೆಂದು ವಿಚಾರಿಸುತ್ತವೆ. ವೇದಾಂತದಲ್ಲಿ ಶಮ, ದಮ, ಉಪರತಿ, ತಿತಿಕ್ಷೆಗಳು ಅಧಿಕಾರಿಗೆ ಇರಬೇಕು. ಕಚೇರಿಯಲ್ಲಿ ಅವು ಅಧಿಕಾರಿಯ ಕೋಣೆಯ ಹೊರಗೆ ಕೂತವನಿಗೆ ಇರಬೇಕು. ಪಾಠಭೇದ ಇಷ್ಟೇ.

ಸೂತ್ರ: ‘ನಾಳೆ ಬಾ.’

1990ರ ದಶಕದಲ್ಲಿ ನಮ್ಮ ಊರೂರುಗಳ ಬಾಗಿಲುಗಳ ಮೇಲೆ ಇದನ್ನು ಬರೆದಿದ್ದರು. ರಾತ್ರಿ ಬರುವ ದೆವ್ವ ಓದಿ ಹಿಂದಿರುಗುತ್ತಿತ್ತು. ಮರುರಾತ್ರಿ ಬಂದು ಮತ್ತೆ ಓದುತ್ತಿತ್ತು. ಜನ ಅದನ್ನು ದಡ್ಡ ದೆವ್ವ ಎಂದು ನಕ್ಕರು. ಭಾಷ್ಯಕಾರನಿಗೆ ಇದು ಸಮ್ಮತವಲ್ಲ. ಕರ್ನಾಟಕದ 1963ರ ರಾಜಭಾಷಾ ಕಾಯ್ದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಜೀವಿ (ಜೀವಿ ಎನ್ನಬಹುದಾದರೆ) ಇನ್ನೊಂದು ಸಿಗದು: ಕನ್ನಡದಲ್ಲಿದ್ದ ಆದೇಶವನ್ನು ಓದಿತು, ಅದರಂತೆ ನಡೆಯಿತು. ಕದ ಮುರಿಯಲಿಲ್ಲ, ಕೂಗಾಡಲಿಲ್ಲ. ಬರುವುದನ್ನೂ ಬಿಡಲಿಲ್ಲ. ಸುಣ್ಣದ ಬರಹ ಎಂದಾದರೂ ಮಾಸಲೇಬೇಕೆಂದು ಅದಕ್ಕೆ ಗೊತ್ತಿತ್ತು.

ಉದಾಹರಣೆಗೆ ನನ್ನ ಕುರ್ಚಿ. ಐದು ಗಾಲಿಗಳಲ್ಲಿ ಒಂದು ಮುರಿಯಿತು, ಪತ್ರ ಕೊಟ್ಟೆ. ನಿಗದಿತ ನಮೂನೆಯಲ್ಲಿ ಕೊಡಿ ಎಂದರು, ಕೊಟ್ಟೆ. ದಾಸ್ತಾನು ಪುಸ್ತಕದ ಸಂಖ್ಯೆ ನಮೂದಿಸಿ ಎಂದರು. ಕುರ್ಚಿ ಮಗುಚಿ ನೋಡಿದರೆ ಸಂಖ್ಯೆ ಅಳಿಸಿಹೋಗಿದೆ. ಸಂಖ್ಯೆ ಇಲ್ಲದ ಕುರ್ಚಿ ದಾಖಲೆಯಲ್ಲಿ ಇಲ್ಲ. ಇಲ್ಲದ ಕುರ್ಚಿಗೆ ಗಾಲಿ ಮೊಲಕ್ಕೆ ಕೊಂಬಿದ್ದಂತೆ. ಹಾಗಾದರೆ ನಾನು ಇಷ್ಟು ವರ್ಷ ಎಲ್ಲಿ ಕೂತಿದ್ದೆ ಎಂಬುದಕ್ಕೆ ವಿವರಣೆ ಕೇಳಿದರು. ಕೊಟ್ಟೆ. ಸಾಹೇಬರು ಟಿಪ್ಪಣಿ ಹಾಳೆಯಲ್ಲಿ ‘ಚರ್ಚಿಸಿ’ ಎಂದು ಷರಾ ಬರೆದರು.

ವ್ಯಾಕರಣದ ದೃಷ್ಟಿಯಿಂದ ಇದು ಅಪೂರ್ವ ಕ್ರಿಯಾಪದ. ಕರ್ತೃ ಇಲ್ಲ, ಕರ್ಮವಿಲ್ಲ, ಗಡುವಿಲ್ಲ. ಚರ್ಚಿಸಲು ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಮೀಟಿಂಗು ಮುಗಿದಾಗ ವರ್ಗಾವಣೆಯಲ್ಲಿ. ಹೊಸಬರು ‘ಮರುಮಂಡಿಸಿ’ ಎಂದರು. ಮಂಡಿಸಿದೆ.

ಪೂರ್ವಪಕ್ಷ: ಒಮ್ಮೆ ಗದರಿಸಬಾರದೇ? ಪಕ್ಕದ ಮೇಜಿನವರು ಇದೇ ಮತದವರು. ಫ್ಯಾನಿನ ವಿಷಯಕ್ಕೆ ಗದರಿಸಿದರು. ಫ್ಯಾನು ಇಂದಿಗೂ ತಿರುಗುತ್ತಿಲ್ಲ. ನೋಟೀಸು ಮಾತ್ರ ಅದೇ ಸಂಜೆ ಬಂತು. ಕಚೇರಿಗೆ ವೇಗ ಗೊತ್ತಿಲ್ಲವೆಂದಲ್ಲ.

ಇನ್ನೊಂದು ಪೂರ್ವಪಕ್ಷ: ಕಾನೂನಿದೆಯಲ್ಲ? 2011ರ ಸಕಾಲ ಕಾಯ್ದೆ ನಾಗರಿಕರಿಗೆ ಸೇವೆ ಕೊಡಿಸಲು ಬಂದದ್ದು. ಕುರ್ಚಿಯ ಮೇಲೆ ವಾಲಿಕೊಂಡು ಆ ಸೇವೆ ಕೊಡುವವನ ಮಾತು ಅದರಲ್ಲಿಲ್ಲ. ಉಳಿದದ್ದು 2005ರ ಮಾಹಿತಿ ಹಕ್ಕು. ಹತ್ತು ರೂಪಾಯಿ ಕಟ್ಟಿ ನನ್ನದೇ ಕಚೇರಿಗೆ ಅರ್ಜಿ ಹಾಕಿದೆ. 30 ದಿನದೊಳಗೆ ಉತ್ತರ ಬರಬೇಕು. ಅರ್ಜಿ ಟಪ್ಪಾಲಿನಲ್ಲಿ ಮೇಲೆ ಹೋಗಿ, ಕೆಳಗಿಳಿದು, ಉತ್ತರ ತಯಾರಿಸತಕ್ಕ ಗುಮಾಸ್ತನ ಮೇಜಿಗೆ ಬಂತು. ಆ ಗುಮಾಸ್ತ ನಾನೇ. ‘ಕಡತವು ಪರಿಶೀಲನೆಯಲ್ಲಿದೆ’ ಎಂದು ನನಗೆ ನಾನೇ 29ನೇ ದಿನ ತಿಳಿಸಿದೆ.

ಈಗ ಉಗ್ರಾಣದ ಕಿಟಕಿಯಲ್ಲಿ ನನ್ನ ಮುಖ ಕಂಡರೆ ಸಾಕು, ಒಳಗಿನವರು ‘ನಾಳೆ’ ಅನ್ನುತ್ತಾರೆ. ‘ಬಾ’ ಅನ್ನುವುದನ್ನು ಬಿಟ್ಟಿದ್ದಾರೆ. ಬರಹ ಅರ್ಧ ಮಾಸಿದೆ ಎಂದೇ ನನ್ನ ಸಿದ್ಧಾಂತ.

ಉಳಿದರ್ಧ ಮಾಸುವವರೆಗೆ ಗಾಲಿ ಇಲ್ಲದ ಕಾಲಿಗೆ ಹಳೆಯ ಕಡತವೊಂದನ್ನು ಒತ್ತಾಗಿ ಕೊಟ್ಟಿದ್ದೇನೆ. ಎತ್ತರ ಸರಿಯಾಗಿದೆ. ದಯವಿಟ್ಟು ಯಾರೂ ಅದನ್ನು ವಿಲೇವಾರಿ ಮಾಡಬೇಡಿ.