ಕಾರ್ಡುಗ್ರಾಹಿ ವೈದ್ಯರ ಅಸ್ತಿತ್ವ ವಿಚಾರ

ಈ ಪ್ರಬಂಧದ ಪ್ರಮೇಯ ಒಂದೇ: ಆಯುಷ್ಮಾನ್ ಕಾರ್ಡು ಹಿಡಿದು ಬಂದವರನ್ನು ನೋಡುವ ಪಿ.ಎಂ.ಆರ್. ಡಾಕ್ಟರು ಈ ಜಗತ್ತಿನಲ್ಲಿ ಇದ್ದಾರೆಯೇ? ಮೊದಲು ಲಕ್ಷಣ. ಎಂ.ಬಿ.ಬಿ.ಎಸ್. ಮೇಲೆ ಮೂರು ವರ್ಷ ಓದಿ, ಲಕ್ವ ಹೊಡೆದವರನ್ನು, ಬೆನ್ನುಹುರಿಗೆ ಪೆಟ್ಟಾದವರನ್ನು, ಕಾಲು ಕಳೆದುಕೊಂಡವರನ್ನು ಮತ್ತೆ ತಾವಾಗಿಯೇ ಬಚ್ಚಲಿಗೆ ಹೋಗಿಬರುವಂತೆ ಮಾಡಲು ದುಡಿಯುವ ಪುನಶ್ಚೇತನ ತಜ್ಞರು ಇವರು. ಫಿಸಿಯೋಥೆರಪಿಸ್ಟರು ಇವರ ತಂಡದವರು, ಇವರೇ ಅಲ್ಲ. ಭಾಟ್ಟ ಮೀಮಾಂಸಕರು ಒಪ್ಪಿದ ಆರು ಪ್ರಮಾಣಗಳಿಂದ ಪರೀಕ್ಷಿಸೋಣ.

ಪ್ರತ್ಯಕ್ಷ: ಕಣ್ಣಿಗೆ ಕಂಡದ್ದು ಸತ್ಯ. ಆಸ್ಪತ್ರೆಯ ಬೋರ್ಡಿನಲ್ಲಿ ಮೂಳೆ, ಕಣ್ಣು, ಹಲ್ಲು, ಕಿವಿ-ಮೂಗು-ಗಂಟಲು ಎಲ್ಲ ಕಂಡವು. ಅವಯವಕ್ಕೊಬ್ಬರಿದ್ದಾರೆ, ಇಡೀ ಮನುಷ್ಯ ಎದ್ದು ನಡೆಯುವುದಕ್ಕೆ ಮಾತ್ರ ಕೊಠಡಿ ಸಂಖ್ಯೆ ಇಲ್ಲ.

ಅನುಮಾನ: ಹೊಗೆಯಿದ್ದಲ್ಲಿ ಬೆಂಕಿ, ವಾಕರ್ ಇದ್ದಲ್ಲಿ ಪುನಶ್ಚೇತನ ವೈದ್ಯ. ಆದರೆ ವಾಕರ್ ಮೆಡಿಕಲ್ ಶಾಪಿನಲ್ಲೂ ಇದೆ. ಇಂಥ ಹೇತುವಿಗೆ ತಾರ್ಕಿಕರು ವ್ಯಭಿಚಾರ ದೋಷ ಹೇಳುತ್ತಾರೆ. ಅಂಗಡಿಯವರ ಕಿವಿಗೆ ಇದು ಬೀಳದಿರುವುದು ಕ್ಷೇಮ.

ಉಪಮಾನ: ಹಸುವಿನಂತಿರುವುದು ಗವಯ ಎಂದು ಕೇಳಿದವನು ಕಾಡಿನಲ್ಲಿ ಗವಯವನ್ನು ಗುರುತಿಸುತ್ತಾನೆ. 'ಮೂಳೆ ಡಾಕ್ಟರ ಹಾಗೇ, ಆದರೆ ಆಪರೇಷನ್ ಮಾಡಲ್ಲ' ಎಂದು ಕೇಳಿ ಹೊರಟವನಿಗೆ ಸಿಕ್ಕಿದ್ದು ನಾಟಿ ಕಟ್ಟು ಹಾಕುವವರು. ಲಕ್ಷಣವಂತೂ ತಾಳೆಯಾಯಿತು.

ಶಬ್ದ: ಆಪ್ತವಾಕ್ಯ. ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ ಆಪ್ತರೆಂದರೆ ಆರೋಗ್ಯಮಿತ್ರರು. ಸಂವಾದ ಹೀಗಿದೆ:

'ಪೇಷಂಟ್ ಅಡ್ಮಿಟ್ ಆಗಿದ್ದಾರಾ ಸರ್?'

'ಇಲ್ಲ, ನಮ್ಮ ತಂದೆಯವರಿಗೆ ಡಿಸ್ಚಾರ್ಜ್ ಆಯ್ತು. ಈಗ ನಡೆಯೋದು ಕಲಿಸಬೇಕು.'

'ಹಾಗಾದ್ರೆ ಕಾರ್ಡು ನಡೆಯಲ್ಲ ಸರ್.'

'ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಲೆಟರ್ ತಂದರೆ?'

'ತಂದ್ರೂ ಅಡ್ಮಿಟ್ ಆಗಬೇಕು. ದೇವರ ದಯೆಯಿಂದ ಬೇಡ, ಆದರೆ ಇನ್ನೊಂದು ಸಲ ಸ್ಟ್ರೋಕ್ ಆದ್ರೆ ಎಮರ್ಜೆನ್ಸಿ. ಅದಕ್ಕೆ ಲೆಟರೂ ಬೇಡ.'

ಅರ್ಥಾಪತ್ತಿ: ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಲೇಬೇಕು. 2018ರ ಮಾರ್ಚ್‌ನಲ್ಲಿ ಹುಟ್ಟಿದ ಆರೋಗ್ಯ ಕರ್ನಾಟಕ ಅದೇ ವರ್ಷದ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಇಷ್ಟಿದ್ದೂ ರೋಗಿ ನಡೆಯುತ್ತಿಲ್ಲವೆಂದರೆ, ಹಣ ಮಂಚಕ್ಕಿದೆ, ನಡಿಗೆಗಿಲ್ಲ ಎಂದು ಕಲ್ಪಿಸದೆ ವಿಧಿಯಿಲ್ಲ. ಕೇಂದ್ರ ಯೋಜನೆಯ ನಿಯಮವೇನೋ ಡಿಸ್ಚಾರ್ಜಿನ ನಂತರದ 15 ದಿನಗಳ ಖರ್ಚನ್ನು ಒಪ್ಪುತ್ತದೆ. ಬಿದ್ದುಹೋದ ಕೈ ಹದಿನಾರನೆಯ ದಿನ ಬೆಳಗ್ಗೆ ತಾನಾಗಿಯೇ ಲೋಟ ಎತ್ತತಕ್ಕದ್ದು ಎಂಬುದು ಸೂತ್ರಕಾರರ ಆಶಯವಿರಬೇಕು.

ಅನುಪಲಬ್ಧಿ: ಕಾಣದಿರುವುದೇ ಇಲ್ಲವೆನ್ನಲು ಪ್ರಮಾಣ. ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: 'ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಒಂದು ವಿಭಾಗವಿದೆ. ಮುಂಬೈಯಲ್ಲಿ 1955ರಿಂದ ಪುನಶ್ಚೇತನಕ್ಕೆಂದೇ ಅಖಿಲ ಭಾರತ ಸಂಸ್ಥೆಯೇ ಇದೆ.' ಒಪ್ಪಿದೆವು, ಹಾಗಾಗಿ ಈ ವೈದ್ಯರು ಆಕಾಶಕುಸುಮವಲ್ಲ. ಆದರೆ ಬೀದರಿನಲ್ಲಿ ಮಂಚ ಹಿಡಿದವರು ವಾರವಾರವೂ ಬೆಂಗಳೂರಿಗೆ ಹೋಗಿಬರಬಲ್ಲರಾದರೆ ಅವರಿಗೆ ಪುನಶ್ಚೇತನದ ಅಗತ್ಯವೇ ಇಲ್ಲ.

ಸಿದ್ಧಾಂತ: ವೈದ್ಯರಿದ್ದಾರೆ, ಕಾರ್ಡೂ ಇದೆ. ಎರಡನ್ನೂ ಕೂಡಿಸುವ ಮಂಚದಿಂದ ರೋಗಿ ಇಳಿದದ್ದೇ ತಪ್ಪಾಯಿತು. ದೋಷ ವೈದ್ಯರದಲ್ಲ, ಆರೋಗ್ಯಮಿತ್ರರದೂ ಅಲ್ಲ. ತಿಂಗಳುಗಟ್ಟಲೆ ನಡೆಯಬೇಕಾದ ಹೊರರೋಗಿ ಚಿಕಿತ್ಸೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ನಿಯಮದ್ದು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಆಗದ ಕೆಲಸವೇನಲ್ಲ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಸೆರೆಬ್ರಲ್ ಪಾಲ್ಸಿ, ಆಟಿಸಂ ಮೊದಲಾದವು ಇರುವವರಿಗೆ 1 ಲಕ್ಷ ರೂಪಾಯಿಯ ಮಿತಿಯೊಳಗೆ ಒಪಿಡಿ, ಥೆರಪಿ ಖರ್ಚನ್ನೂ ಕೊಡುತ್ತದೆ. ಲಕ್ವ ಹೊಡೆದವರಿಗೂ ಸರ್ಕಾರ ಅದನ್ನೇ ಅನ್ವಯಿಸಲಿ. ಅಲ್ಲಿಯವರೆಗೆ ಓದುಗರು ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕುವ ಮುನ್ನವೇ, ರೋಗಿ ಇನ್ನೂ ಮಂಚದ ಮೇಲಿರುವಾಗಲೇ, ಪಿ.ಎಂ.ಆರ್. ಡಾಕ್ಟರನ್ನು ಕರೆಸಿ ಎಂದು ಪಟ್ಟು ಹಿಡಿಯಿರಿ.