ಗ್ರಾಫಿಕ್ಸ್ ಕಾರ್ಡಿಗೆ ಹೆಸರಿಡುವ ದೊಡ್ಡವರಿಗೆ, ಉಮ್ಮತ್ತೂರಿನಿಂದ

ಅಡ್ಡಬಿದ್ದೆ ಬುದ್ಧಿ,

ಎನ್‌ವಿಡಿಯಾದಲ್ಲೋ ಎಎಮ್‌ಡಿಯಲ್ಲೋ ಕೂತು ಕಾರ್ಡುಗಳಿಗೆ ನಾಮಕರಣ ಮಾಡುವ ತಮಗೆ ನಮ್ಮೂರಿನ ಪರಿಚಯ ಇರಲಾರದು. ಬಿರುದಿನ ವಿಷಯದಲ್ಲಿ ನಾವು ತಮಗಿಂತ ಹಿರಿಯರು. ನಮ್ಮ ಪಾಳೆಯಗಾರರು ಉಮ್ಮತ್ತೂರಿನಲ್ಲಿದ್ದುಕೊಂಡೇ ‘ಪೆನುಗೊಂಡ ಚಕ್ರೇಶ್ವರ’ ಅಂತ ಕರೆಸಿಕೊಂಡವರು. ಪೆನುಗೊಂಡ ಇದ್ದದ್ದು ವಿಜಯನಗರದ ಕೈಯಲ್ಲಿ! ಕೃಷ್ಣದೇವರಾಯ ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ ದಂಡೆತ್ತಿ ಬಂದು ಆ ಲೆಕ್ಕ ಚುಕ್ತಾ ಮಾಡಿದ. ಹಾಗಾಗಿ ಡಬ್ಬಿಯ ಮೇಲೆ ‘ಸೂಪರ್’, ‘ಟಿಐ’, ‘ಎಕ್ಸ್‌ಟಿ’ ಅಂತ ಕಂಡರೆ ನಾವು ಕೈಮುಗಿಯುವುದಿಲ್ಲ, ಒಳಗೆ ಎಷ್ಟು ಜಿಬಿ ಅಂತ ಕೇಳುತ್ತೇವೆ.

ತಮ್ಮ ಲೀಲೆ ಒಂದೇ ಎರಡೇ? 2016ರ ಜಿಟಿಎಕ್ಸ್ 1060ರಲ್ಲಿ 6 ಜಿಬಿಯದಕ್ಕೆ 1280 ಕೋರ್, 3 ಜಿಬಿಯದಕ್ಕೆ 1152. ಮೆಮೊರಿ ಕಮ್ಮಿ ಅಂತ ಡಬ್ಬಿ ಹೇಳಿತು, ಕೋರೂ ಕಮ್ಮಿ ಅನ್ನುವುದನ್ನು ಹೆಸರು ನುಂಗಿಕೊಂಡಿತು. 2018ರಲ್ಲಿ ಜಿಟಿ 1030ಕ್ಕೆ ಜಿಡಿಡಿಆರ್5 ಬದಲು ಡಿಡಿಆರ್4 ತುಂಬಿದಿರಿ. ಸೆಕೆಂಡಿಗೆ 48 ಜಿಬಿ ಹರಿಯುತ್ತಿದ್ದ ಕಡೆ 17 ಕೂಡ ಇಲ್ಲ, ಹೆಸರು ಮಾತ್ರ ಅದೇ. 2022ರಲ್ಲಿ 12 ಜಿಬಿಯ ಕಾರ್ಡೊಂದನ್ನು ‘4080’ ಅಂತ ಸಾರಿ, ಜನ ಉಗಿದ ಮೇಲೆ ವಾಪಸ್ ತೆಗೆದುಕೊಂಡು, ಮುಂದಿನ ಜನವರಿಯಲ್ಲಿ ‘4070 ಟಿಐ’ ಅಂತ ತೊಟ್ಟಿಲಿಗೆ ಹಾಕಿದಿರಿ. 2025ರ ಎನ್‌ವಿಡಿಯಾದ 5060 ಟಿಐ, ಎಎಮ್‌ಡಿಯ 9060 ಎಕ್ಸ್‌ಟಿ ಎರಡೂ 8 ಜಿಬಿಯಲ್ಲೂ ಉಂಟು, 16ರಲ್ಲೂ ಉಂಟು, ಹೆಸರು ಒಂದೇ. ಜಗಳವಾಡುವ ಎರಡು ಕಂಪನಿಗೂ ಈ ವಿದ್ಯೆ ಹೇಳಿಕೊಟ್ಟ ಮೇಷ್ಟ್ರು ಯಾರು ಬುದ್ಧಿ?

ನನ್ನ ಅಕ್ಕನ ಮಗ ತಮ್ಮ ಹೆಸರುಗಳನ್ನು ಅಕ್ಷರಶಃ ನಂಬಿದ್ದಾನೆ. ‘ಮಾವ, ಇದು 5060 ಕನ, 3060ಗಿಂತ ಎಲ್ಡು ಸಾವ್ರ ಮ್ಯಾಲದ’ ಅಂತಾನೆ. ಕಳೆಯುವ ಲೆಕ್ಕ ಸರಿಯಾಗೇ ಇದೆ. ಆದರೆ 2021ರ 3060 ಬಂದಾಗ 12 ಜಿಬಿ, ಮೆಮೊರಿಯ ದಾರಿ 192 ಬಿಟ್ ಅಗಲ ಇತ್ತು. ಅದಕ್ಕಿಂತ ಸಾವಿರ ಮೇಲಿರುವ 2023ರ 4060ಕ್ಕೆ 8 ಜಿಬಿ, 128 ಬಿಟ್ ಅಷ್ಟೇ ಅಂದರೆ ಅವನಿಗೆ ಅರಗುವುದಿಲ್ಲ. 4060 ವೇಗ ಹೆಚ್ಚು, 170 ವ್ಯಾಟ್ ಬದಲು 115ರಲ್ಲಿ ಮುಗಿಸುತ್ತದೆ, ಅದನ್ನು ಒಪ್ಪುತ್ತೇನೆ. ಕರೆಂಟಿನ ಬೆಲೆ ಗೊತ್ತಿರುವ ಸೀಮೆ ನಮ್ಮದು. ಆದರೆ ಆಟದ ಟೆಕ್ಸ್ಚರ್ 8 ಜಿಬಿ ಮೀರಿತೋ, ಪರದೆ ಮೇಲಿನ ವೀರ ಮುಗ್ಗರಿಸಿ ಮುಗ್ಗರಿಸಿ ಓಡುತ್ತಾನೆ. ಇನ್ನು ನಮ್ಮ ಹುಡುಗನ ಮಾನಿಟರ್ ಸೆಕೆಂಡಿಗೆ 60 ಚಿತ್ರದ ಮೇಲೆ ತೋರಿಸುವುದೇ ಇಲ್ಲ. ಅದಕ್ಕೆ ಸೆಕೆಂಡಿಗೆ 144 ಕೊಡುವ ಕಾರ್ಡು ಬೇಕಂತೆ!

ತಮ್ಮಲ್ಲಿ ಒಂದೇ ಅರಿಕೆ. ಡಬ್ಬಿಯ ಮುಂದುಗಡೆ ದಪ್ಪ ಅಕ್ಷರದಲ್ಲಿ ಜಿಬಿ, ಬಿಟ್, ವ್ಯಾಟ್ ಮೂರನ್ನೂ ಅಚ್ಚು ಹಾಕಿಸಿ. ಬೆಂಕಿ ಉಗುಳುವ ಡ್ರ್ಯಾಗನ್ ಹಿಂದುಗಡೆ ಇರಲಿ.

ಅಲ್ಲಿಯವರೆಗೆ ನಮ್ಮ ಹುಡುಗರು ಹೀಗೆ ಮಾಡಲಿ: ತಾವು ಆಡುವ ಆಟದಲ್ಲಿ, ತಮ್ಮ ಮಾನಿಟರಿನ ರೆಸಲ್ಯೂಷನ್ನಿಗೆ ಆ ಕಾರ್ಡು ಸೆಕೆಂಡಿಗೆ ಎಷ್ಟು ಚಿತ್ರ (ಎಫ್‌ಪಿಎಸ್) ಕೊಡುತ್ತದೆ ಅಂತ ಹುಡುಕಿ, ಜಿಎಸ್‌ಟಿ ಸೇರಿದ ಬೆಲೆಯನ್ನು ಅದರಿಂದ ಭಾಗಿಸಿ, ಕಮ್ಮಿ ಬಂದದ್ದನ್ನು ಆರಿಸಲಿ. ಕಂಪ್ಯೂಟರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಆ ವ್ಯಾಟ್ ತಡೆಯುತ್ತದೋ ಇಲ್ಲವೋ ನೋಡಿಕೊಂಡೇ ದುಡ್ಡು ಎಣಿಸಲಿ.

ಇಂತಿ,
ಉಮ್ಮತ್ತೂರಿನ ಒಬ್ಬ ಸೋದರಮಾವ